ಸುಳ್ಳು ಹಿಡಿಯುವ ಗಿಣಿ

ಮೊದಲ ಬೆಳಗ್ಗೆಯೇ ಆ ಊರು ನನಗೆ ಚಪ್ಪಾಳೆ ತಟ್ಟಿತು. ಪಕ್ಕದ ಮನೆಯಲ್ಲಿ ಪಟಪಟ, ಎದುರು ಮನೆಯಲ್ಲಿ ಪಟಪಟ, ಹಿಂದಿನ ಓಣಿಯಲ್ಲೂ ಪಟಪಟ. ಹೊಸ ಮೇಷ್ಟ್ರು ಬಂದಿದ್ದಾರೆಂದು ಊರಿಗೆ ಊರೇ ಎದ್ದು ಕೂತು ಸ್ವಾಗತ ಕೋರುತ್ತಿದೆಯೇನೋ ಎಂದು ಅರೆನಿದ್ದೆಯಲ್ಲಿ ಹಿಗ್ಗಿದೆ. ಹೊರಗೆ ಬಂದು ನೋಡಿದರೆ ಮನೆಮನೆಯಲ್ಲೂ ಹೆಂಗಸರು ಒಲೆ ಮುಂದೆ ಕೂತು ಜೋಳದ ರೊಟ್ಟಿ ಬಡಿಯುತ್ತಿದ್ದರು. ಹೌದು, ಅಲ್ಲಿ ರೊಟ್ಟಿಯನ್ನು ಬಡಿಯುತ್ತಾರೆ. ಬರೀ ತಟ್ಟಿದರೆ ಅದು ನಮ್ಮ ಕಡೆಯ ಅಕ್ಕಿರೊಟ್ಟಿಯಾದೀತು ಎಂದು ಆಮೇಲೆ ಅವರೇ ನನ್ನನ್ನು ಗೇಲಿ ಮಾಡಿದರು.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ನಂಜನಗೂಡಿನವನಾದ ನನಗೆ ವಿಜ್ಞಾನದ ಮೇಷ್ಟರ ಕೆಲಸ ಸಿಕ್ಕಿದ್ದು ಯಲಬುರ್ಗಾ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ. ಊರಿನ ಹೆಸರು ಹೇಳುವುದಿಲ್ಲ, ಯಾಕೆಂದು ಓದಿದವರಿಗೆ ಗೊತ್ತಾಗುತ್ತದೆ. ಹೊರಟಾಗ ನಮ್ಮ ಬೀದಿಯವರಾದ ನೀವೆಲ್ಲ ಸೂತಕದ ಮುಖ ಮಾಡಿದ್ದಿರಿ. 'ಅಯ್ಯೋ, ರಾಯಚೂರು ಜಿಲ್ಲೆಯಾ? ಯಾರ ಕಾಲಾದರೂ ಹಿಡಿದು ವರ್ಗ ಮಾಡಿಸ್ಕೊಳ್ಳೋ' ಎಂದಿದ್ದಿರಿ. ತಳಕಲ್ಲಿನಲ್ಲಿ ರೈಲು ಇಳಿದು, ಬಸ್ಸು ಕಾದು, ಟ್ರಂಕು ಹೊತ್ತು ಊರು ಮುಟ್ಟಿದಾಗ ನನಗೂ ಹಾಗೇ ಅನ್ನಿಸಿತ್ತು. ಕಣ್ಣು ಹಾಯುವಷ್ಟು ದೂರ ಕಪ್ಪು ನೆಲ, ತಲೆ ಮೇಲೆ ಬಿಸಿಲು, ನಡುವೆ ನಾನು.

ಇಲ್ಲಿನ ಮನೆಗೆ ಹೆಂಚಿಲ್ಲ. ಕಲ್ಲುಗೋಡೆಯ ಮೇಲೆ ತೊಲೆ ಹಾಸಿ, ಮೇಲೆ ಮಣ್ಣು ಮೆತ್ತಿದ ಮಟ್ಟಸ ಛಾವಣಿ. ಅದಕ್ಕೆ ಮಾಳಿಗೆ ಎನ್ನುತ್ತಾರೆ. ಬೇಸಗೆಯಲ್ಲಿ ಅದರಷ್ಟು ತಂಪಾದ ಮನೆ ನಮ್ಮ ಕಡೆ ಇಲ್ಲವೆಂದು ಒಪ್ಪಿಕೊಳ್ಳಲು ನನಗೆ ಒಂದು ವರ್ಷ ಬೇಕಾಯಿತು. ನೀರು ಸವುಳು. ಅನ್ನ ಹಬ್ಬಕ್ಕೆ. ಕಾವೇರಿ, ಕಪಿಲೆ ಎಂದು ಬಾಯಿ ಬಿಟ್ಟರೆ ಎದುರಿನವರು 'ಹೌದೇನ್ರಿ' ಎಂದು ಮರ್ಯಾದೆಯಿಂದ ಕೇಳಿಸಿಕೊಂಡು ತಮ್ಮ ಕೆಲಸಕ್ಕೆ ಹೋಗುತ್ತಿದ್ದರು. ಆ ಮರ್ಯಾದೆಯೇ ನನ್ನನ್ನು ಒಂಟಿ ಮಾಡುತ್ತಿತ್ತು. ಬೈದಿದ್ದರೆ ಜಗಳವಾದರೂ ಆಡಬಹುದಿತ್ತು.

ಆ ಒಂಟಿತನದಿಂದ ನನ್ನನ್ನು ಹೊರಗೆಳೆದವಳು ನಿಂಗವ್ವ. ನಲವತ್ತು ದಾಟಿದ ವಿಧವೆ, ಮಕ್ಕಳಿಲ್ಲ. ಐದಾರು ಮನೆಗಳಿಗೆ ಹೋಗಿ ರೊಟ್ಟಿ ಬಡಿದು ಕೊಡುವುದೇ ಅವಳ ಜೀವನ. ಕೊನೆಗೆ ನನ್ನ ಕೋಣೆಗೂ ಬರುತ್ತಿದ್ದಳು. ಮೊದಲ ದಿನ ನಾನು ರೊಟ್ಟಿಯನ್ನು ಚಾಕುವಿನಲ್ಲಿ ಕತ್ತರಿಸಲು ಹೋದದ್ದು ಕಂಡು ಅವಳು ನಕ್ಕ ನಗು ನಾಲ್ಕು ಮನೆಗೆ ಕೇಳಿಸಿತು.

"ಎಪ್ಪಾ ಮಾಸ್ತರ, ರೊಟ್ಟಿ ಏನ ಹಾವೇನ್ರಿ, ಅಷ್ಟ ದೂರಿಂದ ಕೊಯ್ಯಾಕತ್ತೀರಿ! ಮುರೀರಿ, ಪಲ್ಯ ಇಟಗೊಂಡು ಉಣ್ರಿ."

ರೊಟ್ಟಿ ಮುರಿಯುವುದನ್ನು, ಹಸಿ ಉಳ್ಳಾಗಡ್ಡಿಯನ್ನು ಗುದ್ದಿ ಒಡೆಯುವುದನ್ನು ಕಲಿಸಿದವಳು ಅವಳೇ. ಜ್ವರ ಬಂದು ಮಲಗಿದ ವಾರ ಹೇಳಿ ಕಳಿಸದೆಯೇ ಬಂದು ನುಚ್ಚು ಮಾಡಿಟ್ಟು ಹೋದಳು. ಊರಲ್ಲಿ ನನ್ನವರು ಅಂತ ಯಾರಾದರೂ ಇದ್ದರೆ ಅದು ನಿಂಗವ್ವ ಎಂದು ನಂಜನಗೂಡಿಗೆ ಕಾಗದದಲ್ಲೂ ಬರೆದೆ.

ಇನ್ನೊಂದು ಆಸರೆ ನನ್ನ ಹತ್ತನೇ ತರಗತಿ. ಪ್ರಯೋಗಶಾಲೆ ಎಂದರೆ ಒಂದು ಬೀರು, ಬೀರುವಿನಲ್ಲಿ ಒಡೆದ ಗಾಜು. ಆದರೆ ಆ ಮಕ್ಕಳ ಕೈ! ಮನೆಯ ಮುರುಕು ರೇಡಿಯೊ, ಟಾರ್ಚಿನ ಶೆಲ್ಲು, ತಗಡು, ತಂತಿ ತಂದು ಗುಡ್ಡೆ ಹಾಕಿದರು. ಪಾಠದ ಪುಸ್ತಕ ಮುಚ್ಚಿ, 'ಆಟ ಆಡುವ ಯಂತ್ರ ಮಾಡಿ, ಜನ ಮುಟ್ಟಬೇಕು, ಮುಟ್ಟಿದರೆ ಅದು ಉತ್ತರ ಕೊಡಬೇಕು' ಎಂದೆ. ಒಬ್ಬರು ಪ್ರಶ್ನೆಗೆ ಸರಿ ಉತ್ತರ ಮುಟ್ಟಿದರೆ ದೀಪ ಹತ್ತುವ ಹಲಗೆ ಮಾಡಿದರು. ಇನ್ನೊಬ್ಬರು ಗೋಣಿಚೀಲದ ಕೆಳಗೆ ಎರಡು ತಗಡು ಇಟ್ಟು, ಕಾಲಿಟ್ಟವರಿಗೆ ಗಂಟೆ ಬಾರಿಸಿದರು. ಮುಖ್ಯೋಪಾಧ್ಯಾಯರು ಅದರ ಮೇಲೆ ಕಾಲಿಟ್ಟು ಹಾರಿದ್ದನ್ನು ಮಕ್ಕಳು ತಿಂಗಳುಗಟ್ಟಲೆ ನಟಿಸಿ ತೋರಿಸುತ್ತಿದ್ದರು.

ಎಲ್ಲಕ್ಕಿಂತ ಮೇಲಾದದ್ದು ರೇಣುಕಾ ಮಾಡಿದ ಗಿಣಿ. ರೇಣುಕಾ ಶಾಲಾ ಸಮಿತಿಯ ಅಧ್ಯಕ್ಷರಾದ ಅಂದಾನಗೌಡರ ಮಗಳು. ಕಿನ್ನಾಳದಿಂದ ತಂದ ಬಣ್ಣದ ಕಟ್ಟಿಗೆ ಗಿಣಿಯ ಕೊಕ್ಕಿನಲ್ಲಿ ಸಣ್ಣ ಬಲ್ಬು ಕೂರಿಸಿ, ಅಡಿಯ ಡಬ್ಬಿಯಲ್ಲಿ ಶೆಲ್ಲು ಮತ್ತು ರೇಡಿಯೊದಿಂದ ಕಿತ್ತ ಎರಡು ಟ್ರಾನ್ಸಿಸ್ಟರ್ ಇಟ್ಟು, ಹೊರಗೆ ಎರಡು ಹಿತ್ತಾಳೆ ಚಮಚ ಬಿಟ್ಟಿದ್ದಳು. ಎರಡೂ ಕೈಯಲ್ಲಿ ಒಂದೊಂದು ಚಮಚ ಹಿಡಿಯಬೇಕು. ಅಂಗೈ ಒಣಗಿದ್ದರೆ ಗಿಣಿ ಸುಮ್ಮನಿರುತ್ತದೆ. ಹಸಿಯಾಗಿದ್ದರೆ ಮೈಯೊಳಗಿಂದ ಒಂದಿಷ್ಟು ಕರೆಂಟು ಹರಿದು ಕೊಕ್ಕು ಹೊಳೆಯುತ್ತದೆ. ಅಷ್ಟೇ ಅದರ ವಿದ್ಯೆ.

ಆದರೆ ಅಷ್ಟೇ ಎಂದರೆ ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಯಾರು ಬರುತ್ತಾರೆ? 'ಸುಳ್ಳು ಹಿಡಿಯುವ ಗಿಣಿ' ಎಂದು ಬೋರ್ಡು ಬರೆದವನು ನಾನೇ. ಅಂದಾನಗೌಡರು ಉದ್ಘಾಟನೆಗೆ ಬಂದು, ಮಿರ್ಚಿ ಭಜಿ ತಿಂದು, ಕೈ ತೊಳೆದು, ಚಮಚ ಹಿಡಿದರು.

"ಅಪ್ಪಾ, ಇವತ್ತ ಗುಳಿಗಿ ತಗೊಂಡ್ರೇನು?" ಎಂದಳು ಮಗಳು.

"ಹೂಂ, ತಗೊಂಡೀನಿ."

ಗಿಣಿಯ ಕೊಕ್ಕು ಹೊಳೆಯಿತು. ಗೌಡರು ಗುಳಿಗೆ ನುಂಗಿರಲಿಲ್ಲವೆಂದು ಅವರ ಹೆಂಡತಿ ಅಲ್ಲೇ ಕೂಗಿ ಹೇಳಿದರು. ಜನ ಬಿದ್ದು ಬಿದ್ದು ನಕ್ಕರು, ಗೌಡರೂ ನಕ್ಕರು. ಗಿಣಿ ಹಿಡಿದದ್ದು ತೊಳೆದ ಕೈಯ ನೀರನ್ನು ಎಂದು ನನಗೆ ಗೊತ್ತಿತ್ತು. ಆದರೂ ಆ ಗೆಲುವಿನ ಮಬ್ಬಿನಲ್ಲಿ ಮೈಕು ಹಿಡಿದು, "ಸುಳ್ಳು ಹೇಳುವವರ ಕೈ ಬೆವರುತ್ತದೆ, ನಮ್ಮ ಗಿಣಿ ಅದನ್ನು ಹಿಡಿಯುತ್ತದೆ" ಎಂದೆ. ಊರು ಮೊದಲ ಸಲ ನನ್ನ ಮಾತಿಗೆ ನಿಜವಾಗಿ ಚಪ್ಪಾಳೆ ತಟ್ಟಿತು. ಕೇಳಿ ನನಗೆ ಕಣ್ಣೀರು ಬಂತು.

ಎರಡು ತಿಂಗಳಾದ ಮೇಲೆ ಒಂದು ಬೆಳಗ್ಗೆ ಗೌಡರ ಮನೆಯಿಂದ ಆಳು ಬಂದ. "ಗೌಡ್ರು ಗಿಣಿ ತರಾಕ ಹೇಳ್ಯಾರ್ರೀ."

ಗಿಣಿ ಇಟ್ಟಿದ್ದ ಬೀರುವಿನ ಕೀಲಿ ನನ್ನ ಹತ್ತಿರವೇ ಇತ್ತು. ಮನೆಗೆ ನೆಂಟರು ಬಂದಿರಬೇಕು, ತೋರಿಸಲು ಕೇಳಿದ್ದಾರೆ ಎಂದುಕೊಂಡು ಹೆಮ್ಮೆಯಿಂದ ನಾನೇ ಹೊತ್ತುಕೊಂಡು ಹೋದೆ. ಅಂಗಳದಲ್ಲಿ ಹತ್ತಿಪ್ಪತ್ತು ಜನ ಸೇರಿದ್ದರು. ಗೌಡರ ತಾಯಿ ಮೂಲೆಯಲ್ಲಿ ಕೂತು ಅಳುತ್ತಿದ್ದರು. ಹುಣ್ಣಿಮೆಗೆ ದೇವಿಯ ದರ್ಶನಕ್ಕೆ ಹುಲಿಗಿಗೆ ಹೋಗಿ ಬಂದ ಮೇಲೆ ಅವರ ಬೋರಮಾಳ ಕಾಣೆಯಾಗಿತ್ತು. ಬೋರಮಾಳ ಎಂದರೆ ಚಿನ್ನದ ಗುಂಡಿನ ಸರ, ತಲೆಮಾರಿನಿಂದ ಬಂದದ್ದು. ಮನೆಯೊಳಗೆ ಓಡಾಡುವ ಹೊರಗಿನವರು ಇಬ್ಬರು: ಎತ್ತು ನೋಡಿಕೊಳ್ಳುವ ಹನುಮಪ್ಪ, ರೊಟ್ಟಿ ಬಡಿಯುವ ನಿಂಗವ್ವ.

"ನನಗ ಯಾರ ಮ್ಯಾಲೂ ಗುಮಾನಿ ಇಲ್ರಿ ಮಾಸ್ತರ" ಎಂದರು ಗೌಡರು. ಅವರ ದನಿಯಲ್ಲಿ ಸಂಕಟವಿತ್ತು. "ಪೋಲೀಸ್ರನ್ನ ಕರಿಸಿದ್ರ ಬಡವರನ್ನ ಬಡೀತಾರ. ಅದಕ್ಕ ಗಿಣಿ ಕೇಳೂಣು. ಅದಕ್ಕ ಮ್ಯಾಲಿನಾವ ಕೆಳಗಿನಾವ ಅನ್ನೂದಿಲ್ಲ."

ಅಡಿಯ ಡಬ್ಬಿ ತೆರೆದು ಶೆಲ್ಲು ಕಿತ್ತು ಜೇಬಿಗೆ ಹಾಕಿಕೊಂಡಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ಆ ಉಪಾಯ ಹೊಳೆದದ್ದು ಮೂರು ದಿನದ ಮೇಲೆ.

ಹನುಮಪ್ಪನ ಕೈ ಬಿರಿದ ಹೊಲದಂತಿತ್ತು. ಗಿಣಿ ಮಿಸುಕಲಿಲ್ಲ. ನಿಂಗವ್ವ ಒಲೆಯ ಮುಂದಿನಿಂದ ಎದ್ದು, ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಬಂದಳು. ಅವಳಿಗೆ ಹೆದರಿಕೆ ಇರಲಿಲ್ಲ. ನನ್ನ ಕಡೆ ನೋಡಿ ನಕ್ಕಳು ಕೂಡ. ಚಮಚ ಹಿಡಿದಳು. ಕೊಕ್ಕು ಝಗ್ಗೆಂದು ಹೊಳೆಯಿತು.

"ಅಪ್ಪಾ, ಆಕಿ ಕೈ ಹಸಿ ಅದಾವು!" ಎಂದು ಒಳಗಿನಿಂದ ರೇಣುಕಾ ಕೂಗಿದಳು. "ಒಳಗ ಹೋಗ" ಎಂದರು ಗೌಡರು.

ಆಗ ನಾನು ಬಾಯಿ ಬಿಟ್ಟೆ. ಪುಸ್ತಕದ ಕನ್ನಡದಲ್ಲಿ ತೇವಾಂಶ, ಲವಣ, ವಿದ್ಯುತ್ ಪ್ರವಾಹ, ರೋಧ ಎಂದೆಲ್ಲ ವಿವರಿಸಿದೆ. "ಸ್ವಾಮಿ, ಅದು ಹಿಡಿಯುವುದು ಕೈಯ ಬೆವರನ್ನು ಅಷ್ಟೇ, ಸುಳ್ಳನ್ನಲ್ಲ" ಎಂದೆ.

ಹಿರಿಯರೊಬ್ಬರು ಶಾಂತವಾಗಿ ಹೇಳಿದರು: "ಅದನ್ನ ನಾವೂ ಹೇಳಾಕತ್ತೀವ್ರಿ. ಸುಳ್ಳ ಹೇಳೋರ ಕೈ ಬೆವರತಾವು ಅಂತ ನೀವ ಮೈಕಿನಾಗ ಹೇಳೀರಲ್ರಿ."

ಚಮಚ ಕಿತ್ತುಕೊಂಡು ನಾನೇ ಹಿಡಿದೆ. ಹೆದರಿ ಬೆವೆತಿದ್ದ ನನ್ನ ಕೈಗೂ ಗಿಣಿ ಹೊಳೆಯಿತು. "ನೋಡಿ, ನಾನು ಕದ್ದಿದ್ದೀನಾ?" ಎಂದೆ. ಅಂಗಳವೆಲ್ಲ ನಕ್ಕಿತು. "ಮಾಸ್ತರ ಭಾಳ ಚಾಷ್ಟಿ ಮಾಡ್ತಾರ" ಎಂದರು ಯಾರೋ. ಮೇಷ್ಟರಿಗೆ ಹೊಳೆದರೆ ತಮಾಷೆ, ರೊಟ್ಟಿಯವಳಿಗೆ ಹೊಳೆದರೆ ಸಾಕ್ಷಿ. ನಿಂಗವ್ವ ಮಾತ್ರ ನಗಲಿಲ್ಲ. ನಾನು ಇನ್ನೇನಾದರೂ ಹೇಳುತ್ತೇನೆಂದು ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ತಲೆ ತಗ್ಗಿಸಿದೆ.

ಯಾರೂ ಅವಳನ್ನು ಬಡಿಯಲಿಲ್ಲ, ಬೈಯಲಿಲ್ಲ. ಮರುದಿನ ಹೋದ ಮನೆಯಲ್ಲಿ 'ಇವತ್ತ ಸೊಸಿ ಬಡೀತಾಳವ್ವ' ಎಂದರಂತೆ. ಅದರ ಮರುದಿನ ಇನ್ನೊಂದು ಮನೆ. ವಾರದಲ್ಲಿ ಎಲ್ಲ ಒಲೆಗಳೂ ಅವಳಿಗೆ ಮುಚ್ಚಿದವು. ನಾನು ಅವಳ ಮನೆಗೆ ಹೋಗಿ, ನನ್ನ ಕೋಣೆಗಾದರೂ ಬಾ ಎಂದು ಗೋಗರೆದೆ.

"ಬ್ಯಾಡ್ರಿ ಮಾಸ್ತರ. ನಿಮ್ಮ ಮನಿಗಿ ಬಂದ್ರ ನಿಮಗೂ ಕೆಟ್ಟ ಹೆಸರು. ನೀವರ ಛಲೋ ಇರ್ರಿ" ಎಂದಳು. ಮುಂದಿನ ವಾರ ಹೋದಾಗ ಬಾಗಿಲಿಗೆ ಬೀಗವಿತ್ತು. ನವಲಿಯಲ್ಲಿರುವ ತಂಗಿಯ ಹತ್ತಿರ, ಗದ್ದೆ ಕೂಲಿಗೆ ಹೋದಳೆಂದು ತಿಳಿಯಿತು.

ಮಹಾನವಮಿಗೆ ಮುಂಚೆ ಮನೆಯ ಕೌದಿಗಳನ್ನೆಲ್ಲ ಒಗೆಯುವುದು ಅಲ್ಲಿನ ಪದ್ಧತಿ. ಕೌದಿ ಎಂದರೆ ಹಳೆ ಸೀರೆಗಳನ್ನು ಪದರ ಪದರವಾಗಿ ಹೊಲಿದ ಹೊದಿಕೆ. ಗೌಡರ ಮನೆಯ ಕೌದಿಯೊಂದನ್ನು ಹಳ್ಳದ ಬಂಡೆಯ ಮೇಲೆ ಒಗೆಯುವಾಗ ಮೂಲೆಯಲ್ಲಿ ಏನೋ ಗಟ್ಟಿಯಾಗಿ ಬಡಿಯಿತು. ಹೊಲಿಗೆ ಬಿಚ್ಚಿದರೆ ಬೋರಮಾಳ. ಹುಲಿಗಿಗೆ ಹೊರಡುವಾಗ ಕಳ್ಳರ ಭಯಕ್ಕೆ ಗೌಡರ ತಾಯಿ ತಾವೇ ಅದನ್ನು ಕೌದಿಯೊಳಗಿಟ್ಟು ಹೊಲಿದು ಮರೆತುಬಿಟ್ಟಿದ್ದರು.

ಗೌಡರು ನನ್ನನ್ನು ಕರೆಸಿ, "ಆಕಿಗೆ ಹೇಳಿ ಕರಕೊಂಡ ಬರ್ರಿ ಮಾಸ್ತರ, ಆಕಿ ಮುಂದ ನಿಲ್ಲಾಕ ನನಗ ಮಾರಿ ಇಲ್ಲ" ಎಂದರು. ಮರುದಿನವೇ ಗಂಗಾವತಿಯ ಬಸ್ಸು ಹತ್ತಿ ನವಲಿಗೆ ಹೋದೆ. ಕಾಲುವೆ ನೀರು, ಹಸಿರು ಗದ್ದೆ. ನಮ್ಮ ಕಪಿಲೆಯ ದಡವನ್ನೇ ಕಂಡಂತಾಯಿತು. ನಿಂಗವ್ವ ಮೊಣಕಾಲುದ್ದ ಕೆಸರಿನಲ್ಲಿ ಕಸ ಕೀಳುತ್ತಿದ್ದಳು. ಸುತ್ತಲಿನ ಹೆಂಗಸರು ತೆಲುಗಿನಲ್ಲಿ ಮಾತಾಡುತ್ತಿದ್ದರು, ಅವಳು ಅರ್ಧಂಬರ್ಧ ಉತ್ತರ ಕೊಡುತ್ತಿದ್ದಳು. ಒಂದೇ ಜಿಲ್ಲೆಯೊಳಗೆ ಅವಳೂ ನನ್ನಂತೆ ಪರದೇಶಿಯಾಗಿದ್ದಳು.

ಬದುವಿನ ಮೇಲೆ ಕೂತು ಎಲ್ಲ ಕೇಳಿದಳು.

"ಸಿಕ್ಕಿದ್ದು ಛಲೋ ಆತು ಬಿಡ್ರಿ, ಮುದುಕಿ ಅತ್ತು ಅತ್ತು ಸಾಯ್ತಿದ್ಲು."

"ಬಾ ನಿಂಗವ್ವ. ಗೌಡರೇ ಕಳಿಸಿದ್ದಾರೆ."

"ಯಾಕ ಬರ್ಲಿ? ಊರ ಮುಂದ ಚಮಚ ಹಿಡಿಸಿದ್ರು. ಈಗ ಹಿತ್ತಲ ಬಾಗಿಲಿಂದ ಕರೀತಾರ." ಸ್ವಲ್ಪ ಹೊತ್ತು ಕಾಲಿನ ಕೆಸರು ಕೆರೆದಳು. "ಗೌಡ್ರ ಮ್ಯಾಲ ಸಿಟ್ಟಿಲ್ರಿ. ನಿಮ್ಮ ಮ್ಯಾಲೂ ಸಿಟ್ಟಿಲ್ಲ. ನೀವು ಅವತ್ತ ಏನೇನೋ ಹೇಳಿದ್ರಿ, ಒಬ್ಬರಿಗೂ ತಿಳೀಲಿಲ್ಲ. ನಮ್ಮೂರಾವ್ರಾಗಿದ್ರ ಹೇಳ್ತಿದ್ದಿಲ್ರಿ, ಬೈತಿದ್ರಿ. ಬೈದಿದ್ರ ತಿಳೀತಿತ್ತು."

ಅವಳು ಎದ್ದು ಗದ್ದೆಗಿಳಿದಳು.

ಆ ದಸರೆ ರಜೆಗೆ ನಂಜನಗೂಡಿಗೆ ಬಂದೆ. ಸಂಜೆ ಮನೆಯ ಜಗಲಿಯಲ್ಲಿ ನೀವೆಲ್ಲ ಸೇರಿದ್ದಿರಿ, ನೆನಪಿರಬಹುದು. ಆ ಊರಿನ ಸಮಾಚಾರ ಹೇಳು ಎಂದು ಒತ್ತಾಯ ಮಾಡಿದಿರಿ, ನಾನು ಗಿಣಿಯ ಕಥೆ ಹೇಳಿದೆ. ಮುಗಿಯುವ ಮೊದಲೇ ನಗು ಶುರುವಾಯಿತು. 'ಕೈ ಬೆವರಿದ್ರೆ ಕಳ್ಳೀನಂತೆ! ಎಂಥಾ ಮೂಢ ಜನ ಮಾರಾಯ' ಎಂದರು ಯಾರೋ. ನಾನು ಎದ್ದು ನಿಂತೆ.

"ಯಾರ್ನ ನೋಡಿ ನಗಾಕತ್ತೀರಲೇ? ಅವರಿಗೆ ಸುಳ್ಳ ಕಲಿಸಿದಾವ ನಾನು! ಬೋರ್ಡ ಬರದಾವ ನಾನು! ಕಳ್ಳ ಇಲ್ಲಿ ನಿಂತಾನ, ನೋಡ್ರಿ! ಆಕಿ ಕೈಯಾಗ ಹಿಟ್ಟಿನ ನೀರ ಬಿಟ್ರ ಏನೂ ಇದ್ದಿದ್ದಿಲ್ಲ!"

ಅಷ್ಟು ಜೋರಾಗಿ, ಅಷ್ಟು ಸರಿಯಾಗಿ ಆ ಊರಿನ ಮಾತನ್ನು ನಾನು ಎಂದೂ ಆಡಿರಲಿಲ್ಲ. ಅಂದಾನಗೌಡರ ಅಂಗಳದಲ್ಲಿ ಆಡಿದ್ದರೆ ಅದು ಎಲ್ಲರಿಗೂ ತಿಳಿಯುತ್ತಿತ್ತು. ಇಲ್ಲಿ ನೀವೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡಿರಿ. ಅಮ್ಮ ಒಳಗಿನಿಂದ ಬಂದು, ಇವನು ಏನು ಹೇಳುತ್ತಿದ್ದಾನೆ ಎಂದು ನಿಮ್ಮನ್ನು ಕೇಳಿದರು.