ಮಂಜಿನಲ್ಲಿ ನಿಂತ ಗೋಲ್‌ಕೀಪರ್

ಮಸ್ಕತ್ತಿನ ಬೌಷರ್‌ನ ಮಾಲ್ ಒಂದರಲ್ಲಿ ಐಸ್ ರಿಂಕ್ ಇದೆ. ರಜೆಯ ದಿನ ಮಕ್ಕಳು ಅಲ್ಲಿ ಬಿದ್ದು ಎದ್ದು ಸ್ಕೇಟಿಂಗ್ ಕಲಿಯುತ್ತಾರೆ. ಆ ಆಗಸ್ಟಿನಲ್ಲಿ ಸ್ವೀಡನ್ನಿನ ವೃತ್ತಿಪರ ಐಸ್ ಹಾಕಿ ಕ್ಲಬ್ಬೊಂದು ಪ್ರದರ್ಶನ ಪಂದ್ಯಕ್ಕೆಂದು ಅಲ್ಲಿಗೆ ಬಂದಿತ್ತು. ನಾನು ಆಗ ಮಸ್ಕತ್ತಿನ ಪತ್ರಿಕೆಯೊಂದರ ಕ್ರೀಡಾ ವಿಭಾಗದಲ್ಲಿದ್ದೆ. ಪಂದ್ಯದ ಹಿಂದಿನ ದಿನ, ಮಾಲ್ ತೆರೆಯುವ ಮೊದಲು ಅವರ ಅಭ್ಯಾಸ ನೋಡಿ ವರದಿ ಮಾಡುವ ಕೆಲಸ ನನ್ನ ಪಾಲಿಗೆ ಬಂತು.

ರಿಂಕಿನ ಕೂಲಿಂಗ್ ಎಂಜಿನಿಯರ್ ಅಲ್ ಖೌದ್‌ನಲ್ಲಿ ನಮ್ಮ ಮೇಲಿನ ಫ್ಲಾಟಿನವರು, ಧಾರವಾಡದ ಕಡೆಯವರು. ಬಾಗಿಲಲ್ಲೇ ಸಿಕ್ಕರು.

"ಬರ್ರಿ ಪೇಪರ್‌ನವ್ರ, ಸ್ವೆಟರ್ ತಂದೀರಿಲ್ಲೋ? ಇಲ್ಲಾಂದ್ರ ನಾಳೆ ನಿಮ್ದ ಸುದ್ದಿ ಬರ್ತದ."

"ತಂದಿದೀನಿ. ಮನೇಲಿ ಮಫ್ಲರ್ ಕೂಡ ಕೊಟ್ಟು ಕಳಿಸಿದ್ದಾರೆ."

"ಈ ಸೆಕಿ ಒಳಗ ಮಫ್ಲರ್ ಇಟ್ಕೊಂಡಿರೋ ಮನಿ ನಿಮ್ದೊಂದ ನೋಡ್ರಿ."

ಆಟಗಾರರು ಆಗಲೇ ಮಂಜುಗಡ್ಡೆಯ ಮೇಲಿದ್ದರು. ಎಲ್ಲರದ್ದೂ ಬಿಳಿ ಅಂಗಿ. ತಂಡದ ವ್ಯವಸ್ಥಾಪಕ ಪಕ್ಕದಲ್ಲಿ ನಿಂತು ನನಗೆ ಒಬ್ಬೊಬ್ಬರ ಪರಿಚಯ ಹೇಳಿದ. ಗೋಲ್‌ಕೀಪರ್ ವಿಷಯ ಬಂದಾಗ ದನಿ ತಗ್ಗಿಸಿದ. ವಸಂತದಲ್ಲಿ, ಈ ಆಟದಲ್ಲಿ ಚೆಂಡಿನ ಬದಲು ಬಳಸುವ ಗಟ್ಟಿ ರಬ್ಬರಿನ ಬಿಲ್ಲೆ ಬಡಿದು ಆತನ ಮುಖವಾಡ ಒಡೆದು ಕಣ್ಣಿಗೆ ಪೆಟ್ಟಾಗಿತ್ತಂತೆ. ಬಹಳ ಕಾಲ ಆಡಿರಲಿಲ್ಲ. ಈಗ ಕಣ್ಣು ಸರಿಯಾಗಿದೆ ಎನ್ನುತ್ತಾನೆ. ನಾಳೆ ಚೆನ್ನಾಗಿ ಆಡಿದರೆ ಈ ಋತುವಿಗೂ ಅವನೇ. ಇಲ್ಲವಾದರೆ ಜಾಗ ಎರಡನೇ ಕೀಪರ್‌ಗೆ, ಮತ್ತು ಈ ವಯಸ್ಸಿನಲ್ಲಿ ಬೇರೆ ಕ್ಲಬ್ ಸಿಗುವುದು ಕಷ್ಟ.

ಅವರ ಅಭ್ಯಾಸ ಶುರುವಾಗುವುದಕ್ಕೆ ಒಂದು ಕ್ರಮವಿದೆ. ಆಟಗಾರರು ಗೋಲಿನ ಎದುರು ಅರ್ಧವೃತ್ತದಲ್ಲಿ ನಿಂತು, ಎಡ ತುದಿಯಿಂದ ಒಬ್ಬೊಬ್ಬರಾಗಿ ಹೊಡೆಯುತ್ತಾರೆ. ಕೀಪರ್‌ನ ಕೈಕಾಲು ಬಿಸಿಯಾಗಲಿ ಎಂದು ಹೊಡೆತಗಳು ಮೆಲ್ಲಗೇ ಇರುತ್ತವೆ. ಯಾರ ಸರದಿ ಯಾವಾಗ, ಬಿಲ್ಲೆ ಯಾವ ಕಡೆಯಿಂದ ಎಂಬುದು ಅವನಿಗೆ ಗೊತ್ತಿರುತ್ತದೆ.

ಅಷ್ಟರಲ್ಲಿ ಎಂಜಿನಿಯರ್ ಒಂದು ತಪ್ಪು ಮಾಡಿದರು. ತಂಡದ ಪೆಟ್ಟಿಗೆಗಳು ಬೇಗ ಒಳಗೆ ಬರಲೆಂದು ಹಿಂಬದಿಯ ದೊಡ್ಡ ಬಾಗಿಲನ್ನು ತೆರೆದಿಡಲು ಹೇಳಿದ್ದರು. ಹೊರಗಿನ ಕಡಲ ಸೆಕೆ ಒಳನುಗ್ಗಿತು. ಮಂಜುಗಡ್ಡೆಯ ಮೇಲೆ ಬಿಳಿ ಹೊಗೆಯಂತೆ ಮಂಜು ಎದ್ದಿತು. ಮೊದಲು ಆಟಗಾರರ ಪಾದಗಳು ಹೋದವು, ಆಮೇಲೆ ಮೊಣಕಾಲು. ಬಿಳಿ ಅಂಗಿಗಳು ಬಿಳಿಯಲ್ಲಿ ಕರಗಿ, ಶಿರಸ್ತ್ರಾಣಗಳು ಮಾತ್ರ ಸಾಲಾಗಿ ತೇಲುತ್ತಿದ್ದವು. ಕೊನೆಗೆ ಅವೂ ಕಾಣಲಿಲ್ಲ.

"ಯಲ್ಲಾ, ದರ್‌ವಾಜಾ ಬಂದ್ ಕರೋ," ಎಂದು ಎಂಜಿನಿಯರ್ ಹಿಂದಕ್ಕೆ ಓಡಿದರು.

ಹೊಡೆತಗಳು ನಿಂತಿರಲಿಲ್ಲ. ಕೋಲು ಬಡಿಯುವ ಸದ್ದು, ನಡುವೆ ಒಂದು ಕ್ಷಣ ಮೌನ, ಆಮೇಲೆ ಬಿಲ್ಲೆ ಕೀಪರ್‌ನ ತೊಗಲಿನ ಗ್ಲೌಸಿಗೆ ಬೀಳುವ ಸದ್ದು. ಮತ್ತೆ ಕೋಲು, ಮತ್ತೆ ಗ್ಲೌಸು. ಹೊಡೆಯುವವರಿಗೇ ಗೋಲು ಕಾಣುತ್ತಿರಲಿಲ್ಲ. ಒಂದೂ ಬಲೆಗೆ ಹೋದಂತೆ ಕೇಳಿಸಲಿಲ್ಲ.

ತರಬೇತುದಾರ ಸೀಟಿ ಊದಿದ. ಅವನು ಕೆನಡಾದವನು, ಹಾಗಾಗಿ ತಂಡದ ಮಾತೆಲ್ಲ ಇಂಗ್ಲಿಷಿನಲ್ಲಿ. ಸುತ್ತು ಹಾಕಿ ಎಂದ. ರಿಂಕಿನಲ್ಲಿ ಮಂಜು ಕವಿದರೆ ಆಟಗಾರರೆಲ್ಲ ವೇಗವಾಗಿ ಸುತ್ತು ಹೊಡೆದು ಗಾಳಿ ಕಲಕಿ ಅದನ್ನು ಚದುರಿಸುತ್ತಾರಂತೆ. ಕಾಣದ ಆ ಗುಂಪು ನಮ್ಮೆದುರು ಹಾದು ಹೋದಾಗಲೆಲ್ಲ ಬ್ಲೇಡುಗಳ ಸದ್ದು ಹತ್ತಿರವಾಗಿ ದೂರವಾಗುತ್ತಿತ್ತು. ನಿಧಾನವಾಗಿ ತಲೆಗಳು ಬಂದವು, ಭುಜಗಳು, ಕೋಲುಗಳು. ಎಲ್ಲ ನಿಚ್ಚಳವಾದಾಗ ತರಬೇತುದಾರ ಕೈಯೆತ್ತಿದ. ಎಲ್ಲರೂ ನಿಂತಲ್ಲೇ ನಿಂತರು.

ಗೋಲ್‌ಕೀಪರ್ ತನ್ನ ಜಾಗದಲ್ಲಿ ಬಾಗಿ ಕಾಯುತ್ತಿದ್ದ.

"ಮಂಜು ಹೋಗೋತನಕ ಕಾಯೋಣವಾ, ಮುದುಕಪ್ಪಾ?" ಎಂದ ತರಬೇತುದಾರ. ತಂಡದಲ್ಲಿ ಹಿರಿಯನಾದ್ದರಿಂದ ಅವನನ್ನು ಹಾಗೇ ಕರೆಯುತ್ತಿದ್ದರು.

"ಬೇಡ," ಎಂದ ಅವನು. "ನಿಮ್ಮ ಹುಡುಗರಿಗೆ ಹೆದರಿಕೆ ಇಲ್ಲದಿದ್ದರೆ ಇದರಲ್ಲೇ ಆಡಬಲ್ಲೆ."

ಬಾಗಿಲು ಹಾಕಿಸಿ ಬಂದ ಎಂಜಿನಿಯರ್ ನನ್ನ ಕಿವಿಯ ಹತ್ತಿರ ಬಂದರು. "ಎಲ್ಲಾ ತಿಳಿ ಆಗೇದಲ್ರೀ. ಇನ್ನೆಲ್ಲದ ಮಂಜು?"

ದೀಪಗಳೆಲ್ಲ ಉರಿಯುತ್ತಿದ್ದವು. ಮಂಜುಗಡ್ಡೆಯ ಮೇಲಿನ ಕೆಂಪು ಗೆರೆ ಆ ತುದಿಯವರೆಗೂ ಸ್ಪಷ್ಟವಾಗಿ ಕಾಣುತ್ತಿತ್ತು. ಕೀಪರ್‌ನ ನೇರ ಎದುರಿಗೆ ಅಷ್ಟೂ ಜನ ಉಸಿರು ಬಿಗಿಹಿಡಿದು ನಿಂತಿದ್ದರು. ಅವನು ಮುಖವಾಡವನ್ನು ಸ್ವಲ್ಪ ಎಡಕ್ಕೆ, ಸ್ವಲ್ಪ ಬಲಕ್ಕೆ ತಿರುಗಿಸಿದ.

"ಯಾಕೆ ಸುಮ್ಮನಾದಿರಿ?" ಎಂದ. ಸ್ವಲ್ಪ ಹೊತ್ತಿನ ಮೇಲೆ, "ಇದ್ದೀರಾ?"

ತರಬೇತುದಾರ ಹತ್ತಿರ ಹೋಗಿ ಅವನ ತೋಳು ಹಿಡಿದ. "ಮಂಜು ಆಗಲೇ ಹೋಯಿತು," ಎಂದ.

ಕೀಪರ್ ನೆಟ್ಟಗಾದ. ಮುಖವಾಡ ತೆಗೆದ. ಕಣ್ಣುಗಳು ನೀಲಿ, ನೋಡಲು ಯಾವ ದೋಷವೂ ಇರಲಿಲ್ಲ. ಬೆಳಕು, ನೆರಳು ಮಾತ್ರ ಗೊತ್ತಾಗುತ್ತದೆ ಎಂದ. ವಿಮಾನ ಇಳಿದ ಮೇಲೆ ಮಸುಕು ಜಾಸ್ತಿಯಾಗಿದೆ, ಇನ್ನೆರಡು ದಿನದಲ್ಲಿ ತಿಳಿಯಾಗಬಹುದು ಎಂದ. ತರಬೇತುದಾರ ತೋಳು ಬಿಡದೆ ಅವನನ್ನು ಹೊರಗೆ ಕರೆತಂದ.

ಮರುದಿನ ಎರಡನೇ ಕೀಪರ್ ಆಡಿದ. ಹಿರಿಯನಿಗೆ ವಿಶ್ರಾಂತಿ ಎಂದು ಕ್ಲಬ್ ಹೇಳಿತು, ನಾನು ಹಾಗೇ ಬರೆದೆ. ಅವನು ಪೂರ್ತಿ ಪೋಷಾಕಿನಲ್ಲಿ ಬೆಂಚಿನ ಮೇಲೆ ಕೂತಿದ್ದ. ಕೋಲಿನ ಸದ್ದಾದಾಗಲೆಲ್ಲ ಅವನ ಎಡಗೈ ತಾನಾಗಿ ಅರ್ಧ ಏಳುತ್ತಿತ್ತು, ಹೆಚ್ಚು ಕಡಿಮೆ ರಿಂಕಿನಲ್ಲಿ ಆಡುತ್ತಿದ್ದ ಕೀಪರ್‌ನ ಕೈ ಎದ್ದ ಹೊತ್ತಿಗೇ. ವಿರಾಮದಲ್ಲಿ ಮಾಲ್‌ನವರು ಸ್ಪೀಕರಿನಲ್ಲಿ ಜೋರಾಗಿ ಹಾಡು ಹಾಕಿದರು, ರಿಂಕಿನ ಸುತ್ತಲಿನ ಮೂರೂ ಮಹಡಿಯ ಕಂಬಿಗೆ ಒರಗಿದ್ದ ಜನ ಕೂಗತೊಡಗಿದರು; ಬೇರೆ ಯಾವ ಸದ್ದೂ ಕೇಳದಂತಾಯಿತು. ಆಗ ಅವನು ಕಣ್ಣು ಅಗಲಿಸಿ, ಎರಡೂ ಕೈಯಲ್ಲಿ ಬೆಂಚನ್ನು ಬಿಗಿಯಾಗಿ ಹಿಡಿದುಕೊಂಡ.