ಬೆಲ್ಲ ತೋರಿಸಿ ತೆಗೆದ ಪಟ

“ಪಟ ತಗೀಬ್ಯಾಡ ಅಂತ ನಾನೇನು ಯೇಳಿದ್ನಾ? ಯೇಳ್ಬುಟ್ಟು ತಗಿ ಅಂದೆ. ನಾನು ಬಾಯ್ ಬುಟ್ಕಂಡು ಮಲಗಿದ್ದು, ತಲೆ ಕೆದರ್ಕಂಡು ಕೂತಿದ್ದು, ಮುದ್ದೆ ತಿರುವ್ವಾಗ ಮೊಕ ಕಿವುಚಿದ್ದು, ಇವ್ನೆಲ್ಲ ಕದ್ದು ತಗ್ದು ಊರೋರ ಕಣ್ಗೆ ಆಕ್ಬುಟ್ರೆ ನಿಂಗೇನು ಬತ್ತದಮ್ಮಿ? ನಾನೂ ನಿಮ್ಮಾವನೂ ಪಟ ತಗಿಸ್ಕಂಡಿದ್ದೋ ಕಣೆ. ಮದ್ವೆ ಆದ ವರ್ಸ, ಮಳವಳ್ಳೀಲಿ. ಸ್ಟುಡಿಯೋದವ್ನು ಗಲ್ಲ ಇಡ್ದು ಮೇಲಕ್ಕೆತ್ತಿ, ಉಸ್ರು ಬಿಗಿ ಇಡೀರಿ ಅಂದ. ಇಡ್ದೋ. ಪೊಲೀಸ್ ಟೇಸನ್ನಲ್ಲಿ ನಿಲ್ಲಿಸ್ದಂಗೆ ಬಂದದೆ, ಬರ್ಲಿ. ಸೆರಗು ಸರ್ಯಾಗದೆ, ಬಾಯಿ ಮುಚ್ಚದೆ. ಪಟ ಅಂದ್ರೆ ಅದು. ನಾಳೆ ನಾನು ಸತ್ರೆ ಅದ್ಕೆ ಊವ ಆಕಿ. ನೀನು ತಗ್ದಿರೋದ್ಕೆ ಯಾವ್ದುಕ್ಕೂ ಆಕ್ಬ್ಯಾಡಿ, ಸಾವಿಗೆ ಬಂದೋರು ನಕ್ಕಾರು.”

ಪೂರಿಗಾಲಿಯ ಚಿಕ್ಕಬೋರಮ್ಮ ಈ ಮಾತನ್ನು ಮಗನ ಹೆಂಡತಿ ಕುಸುಮಳಿಗೆ ವಾರಕ್ಕೆ ಎರಡು ಸಲವಾದರೂ ಆಡುತ್ತಿದ್ದಳು. ಕುಸುಮ ತಲೆ ಎತ್ತದೆ, “ಯೇಳಿದ್ರೆ ನಿಮ್ ಮೊಕ ಕಲ್ಲಾಯ್ತದೆ ಅತ್ತೆ, ಯೇಳದಿದ್ರೇ ಮನುಸ್ರ ಮೊಕ,” ಅನ್ನುತ್ತಿದ್ದಳು. ಆರು ವರ್ಷದಿಂದ ಆ ಅತ್ತೆ ಸೊಸೆ ನಡುವೆ ನೆಟ್ಟಗೆ ನಡೆದ ಮಾತು ಅಂದರೆ ಇಷ್ಟೇ. ಮಗ ಸ್ವಾಮಿ ಹಾಲಿನ ವ್ಯಾನು ಓಡಿಸುವವನು. ನಸುಕಿಗೇ ಎದ್ದು ಹೋಗುವನು, ಬಂದರೆ ಉಂಡು ಮಲಗುವನು. ಇಬ್ಬರ ಮಾತೂ ಅವನ ಕಿವಿಗೆ ಬೀಳುತ್ತಿರಲಿಲ್ಲ, ಅಥವಾ ಅವನೇ ಬೀಳಿಸಿಕೊಳ್ಳುತ್ತಿರಲಿಲ್ಲ.

ಆ ಮನೆಯಲ್ಲಿ ಒಂದು ಬಂಡೂರು ಟಗರಿತ್ತು. ಗಿಡ್ಡ ಕಾಲು, ಹಾಸುಗಲ್ಲಿನಂಥ ಬೆನ್ನು. ಹುಟ್ಟಿದ ದಿನವೇ ತಾಯಿ ಸತ್ತಿದ್ದರಿಂದ ಚಿಕ್ಕಬೋರಮ್ಮ ಸೀಸೆಯಲ್ಲಿ ಹಾಲು ಕುಡಿಸಿ, ತನ್ನ ಮಂಚದ ಕೆಳಗೆ ಬಿದಿರಿನ ಮಂಕರಿಯೊಳಗೆ ಮಲಗಿಸಿ ಸಾಕಿದ್ದಳು. ಮರಿಗೆ ಎರಡು ತಿಂಗಳಾದಾಗ ಸ್ವಾಮಿಯ ವ್ಯಾನು ಮಗುಚಿ ಅವನ ಕಾಲು ಮುರಿಯಿತು. ನನ್ನ ಮಗ ಎದ್ದು ನಡೆದರೆ ಈ ಮರಿಯನ್ನೇ ಒಪ್ಪಿಸುತ್ತೇನೆ ಅಂತ ಚಿಕ್ಕಬೋರಮ್ಮ ಮಾರಮ್ಮನಿಗೆ ಹರಕೆ ಹೊತ್ತಳು. ಹರಕೆಯ ಮರಿ ಅಂತ ಗುರುತಿಗೆ ಅದರ ಎಡಗಿವಿಯ ತುದಿ ಸೀಳಿದರು. ಸ್ವಾಮಿ ಎದ್ದು ನಡೆದ. ಮರಿ ಟಗರಾಯಿತು. ಆದರೂ ರಾತ್ರಿ ಮಲಗುವುದು ಆ ಮಂಚದ ಕೆಳಗೇ.

ಕುಸುಮಳಿಗೆ ಟಗರಿನ ಪಟದ ಹುಚ್ಚು ಬೇರೆ. ಭಾನುವಾರ ಬೋರಿನ ಹತ್ತಿರ ಅದಕ್ಕೆ ನೀರು ಹುಯ್ದು ಮೈ ತೊಳೆಯುವಳು. ನೀರು ಬಿದ್ದ ಕುರಿ ಸುಮ್ಮನಿರುತ್ತದೆಯೇ, ಮೈ ಒದರುವುದು. ಫೋನು ನೆನೆಯುವುದು, ಪಟ ಕೆಡುವುದು. ಅದಕ್ಕೆ ಅವಳು ಎಡಗೈ ಮುಷ್ಟಿಯಲ್ಲಿ ಬೆಲ್ಲ ಹಿಡಿದು ಬಲಗೈಲಿ ಫೋನು ಎತ್ತುವಳು. ಪಟ ಆಗುವ ತನಕ ಒದರದೆ ನಿಂತರೆ ಬೆಲ್ಲ, ಒದರಿದರೆ ಇಲ್ಲ. ಎರಡು ತಿಂಗಳಲ್ಲಿ ಫೋನು ಎತ್ತಿದ್ದು ಕಂಡರೆ ಸಾಕು, ಹೊಟ್ಟೆಯಿಂದ ನೀರು ತೊಟ್ಟಿಕ್ಕುತ್ತಿದ್ದರೂ ಟಗರು ಕಲ್ಲಿನಂತೆ ನಿಲ್ಲುವುದು ಕಲಿಯಿತು. “ಕುರೀಗೂ ಉಸ್ರು ಇಡಿಯಾದು ಕಲಿಸ್ಬುಟ್ಳು,” ಅಂತ ಚಿಕ್ಕಬೋರಮ್ಮ ಜಗಲಿಯಿಂದಲೇ ಗೊಣಗಿದಳು.

ಹರಕೆ ಒಬ್ಬ ಹೆಂಗಸಿನದಲ್ಲ, ಒಂದೇ ವಂಶದ ಮನೆಗಳೆಲ್ಲ ಸೇರಿದ ಒಕ್ಕಲಿನದು. ಬಲಿಗೆ ಮುಂಚೆ ಟಗರಿನ ಮೇಲೆ ನೀರು ಹಾಕಬೇಕಾದವನು ಚಿಕ್ಕಬೋರಮ್ಮನ ತೀರಿಹೋದ ಗಂಡನ ಅಣ್ಣ ಹೊನ್ನಯ್ಯ. ಬೆಸಗರಹಳ್ಳಿಯ ಮನೆಯೊಂದರ ಒಬ್ಬಳೇ ಮಗಳನ್ನು ಮದುವೆಯಾಗಿ ಅಲ್ಲೇ ಹೆಂಡತಿ ಮನೆಯಲ್ಲಿ ನಿಂತವನು. ಈ ವರ್ಷ ಹರಕೆ ತೀರಿಸೋಣ ಅಂತ ಅವನು ಫೋನು ಮಾಡಿದಾಗ, ಟಗರು ಹೊಟ್ಟೆ ಉಬ್ಬರಿಸಿ ಸತ್ತುಹೋಯಿತು ಅಂತ ಚಿಕ್ಕಬೋರಮ್ಮ ಹೇಳಿಬಿಟ್ಟಳು. ಬಾಯಿಂದ ಹೇಗೆ ಬಂತೋ ಅವಳಿಗೇ ಗೊತ್ತಿಲ್ಲ. ಕಾಲಿನ ಹತ್ತಿರ ಟಗರು ಮೆಲುಕು ಹಾಕುತ್ತಿತ್ತು. ಇಂಥ ಸುಳ್ಳು ಹೇಳಿದ್ದೀನಿ ಅಂತ ಸೊಸೆಗೆ ತಿಳಿಸಲಿಲ್ಲ. ತಿಳಿಸಬೇಕಾದರೆ ಮಾತಾಡಬೇಕಲ್ಲ.

ಅದಾಗಿ ಹತ್ತು ದಿನಕ್ಕೆ ಮೊಮ್ಮಗಳು ಅರ್ಪಿತ, ನಾಲ್ಕು ವರ್ಷದ್ದು, ಜಗಲಿಯ ಮೇಲೆ ಟಗರಿನ ಹೊಟ್ಟೆಗೆ ತಲೆ ಕೊಟ್ಟು ನಿದ್ದೆ ಹೋಗಿತ್ತು. ಕುಸುಮ ಸದ್ದಿಲ್ಲದೆ ಪಟ ತೆಗೆದಳು, ಸ್ಟೇಟಸ್ಸಿಗೆ ಹಾಕಿದಳು. ಸೀಳಿದ ಕಿವಿ ಎದ್ದು ಕಾಣುತ್ತಿತ್ತು.

ಮಾರನೆ ದಿನ ಮೊದಲ ಬಸ್ಸಿಗೇ ಹೊನ್ನಯ್ಯನೂ ಅವನ ಹೆಂಡತಿ ಹೊಂಬಾಳಮ್ಮನೂ ಬಂದರು. ಕೊಟ್ಟ ನೀರು ಮುಟ್ಟಲಿಲ್ಲ. ಹೊಂಬಾಳಮ್ಮ ಟಗರಿನ ಸುತ್ತ ಒಂದು ಸುತ್ತು ಬಂದು ಕೇಳಿದಳು.

“ಸತ್ತೋದ ಕುರಿ ಮೆಲುಕು ಆಕ್ತಾ ಅದಲ್ಲ ಚಿಕ್ಕಬೋರಿ. ದೆವ್ವಕ್ಕೂ ಉಲ್ಲು ಆಕ್ತಿದ್ದೀಯಾ?”

ಹೊನ್ನಯ್ಯನ ಮೊಮ್ಮಗನಿಗೆ ಒಂದು ತಿಂಗಳಿಂದ ಜ್ವರ ಬಿಟ್ಟು ಬಿಟ್ಟು ಬರುತ್ತಿತ್ತು. ಮದ್ದೂರಿನ ಡಾಕ್ಟರು ಎರಡು ಸಲ ಔಷಧಿ ಬದಲಾಯಿಸಿದ್ದರು. “ನಿನ್ ಮಗ ನಡೀತಾ ಅವ್ನೆ, ನನ್ ಮೊಮ್ಮಗ ಮಲಗವ್ನೆ,” ಅಂದ ಹೊನ್ನಯ್ಯ. “ಕೊಡ್ತೀನಿ ಅಂದಿದ್ನ ಮಾರಮ್ಮನ ಬಾಯಿಂದ ಕಿತ್ಕಂಡೆ. ಅವಳು ನಮ್ಮನೆ ಬಾಗಿಲಿಗೆ ಬಂದವಳೆ.”

ಒಕ್ಕಲಿನ ನಲವತ್ತು ಜನಕ್ಕೆ ಬೇಯಿಸಿಹಾಕಲು ನನಗೆ ಶಕ್ತಿಯಿಲ್ಲ ಅಂತ ಚಿಕ್ಕಬೋರಮ್ಮ ಏನೋ ಹೇಳಹೋದಳು. ನಿನಗೆ ಬೇಯಿಸು ಅಂದವರು ಯಾರು, ನಾವು ಬೇಯಿಸಿಕೊಳ್ಳುತ್ತೇವೆ, ಬರುವ ಮಂಗಳವಾರ ಅಂತ ಹೇಳಿ ಅವರು ಎದ್ದರು.

ಅವರು ಬೀದಿ ದಾಟುತ್ತಲೂ ಚಿಕ್ಕಬೋರಮ್ಮ ಅಡುಗೆಮನೆ ಬಾಗಿಲಿಗೆ ತಿರುಗಿದಳು. “ನಿನ್ ಬೆರಳು ಸುಮ್ನಿದ್ದಿದ್ರೆ ಅದು ಬದುಕ್ತಿತ್ತು.”

“ಸತ್ತೋಯ್ತು ಅಂದಿದ್ದು ನಂಗೊಂದ್ ಮಾತು ಯೇಳಿದ್ರೆ ನಾನ್ಯಾಕೆ ಆಕ್ತಿದ್ದೆ?”

“ನಿಂಗ್ಯೇಳ್ಬೇಕಿತ್ತಾ?”

ಆಮೇಲೆ ನಾಲ್ಕು ದಿನ ಆ ಮನೆಯಲ್ಲಿ ಪಾತ್ರೆಗಳದ್ದೇ ಸದ್ದು. ಚಿಕ್ಕಬೋರಮ್ಮ ಮುದ್ದೆ ಮುಟ್ಟಿದ್ದಷ್ಟೇ. ಟಗರು ಮಾತ್ರ ಹೊತ್ತಿಗೆ ಸರಿಯಾಗಿ ಮಂಚದ ಕೆಳಗೆ ಬಂದು ಮಲಗುತ್ತಿತ್ತು. ಅದರ ಉಸಿರು ಕೇಳಬಾರದು ಅಂತ ಅವಳು ಗೋಡೆ ಕಡೆ ಹೊರಳುತ್ತಿದ್ದಳು.

ಮಂಗಳವಾರ ಮಾರಮ್ಮನ ಗುಡಿ ಮುಂದೆ ಒಕ್ಕಲೆಲ್ಲ ಸೇರಿತು. ಒಂದು ಕಡೆ ಬಾಡೂಟಕ್ಕೆ ಖಾರ ಅರೆದು ಮುಗಿದಿತ್ತು. ಪೂಜಾರಿ ಮುದ್ದಯ್ಯ ಟಗರಿನ ಹಣೆಗೆ ಅರಿಸಿನ ಕುಂಕುಮ ಇಟ್ಟು ಹೊನ್ನಯ್ಯನ ಕೈಗೆ ಚೊಂಬು ಕೊಟ್ಟ. ಅಲ್ಲಿಯ ಪದ್ಧತಿ ಎಲ್ಲರಿಗೂ ಗೊತ್ತಿದ್ದದ್ದೇ. ಬೆನ್ನಿನ ಮೇಲೆ ನೀರು ಹಾಕಿದಾಗ ಟಗರು ಮೈ ಒದರಿದರೆ ತಾಯಿ ಒಪ್ಪಿದಳು ಅಂತ. ಒದರದಿದ್ದರೆ ಯಾರೂ ಕತ್ತಿ ಮುಟ್ಟುವ ಹಾಗಿಲ್ಲ. ಮೂರು ಸಲ ನೋಡುವುದು. ಮೂರನೆಯದಕ್ಕೆ ಹೋದದ್ದನ್ನು ಯಾರೂ ಕಂಡಿರಲಿಲ್ಲ.

ಹೊನ್ನಯ್ಯ ನೀರು ಹುಯ್ದ. ಚಿಕ್ಕಬೋರಮ್ಮ ಮುಖ ತಿರುಗಿಸಿ ಹುಣಸೆ ಮರ ನೋಡುತ್ತಾ ನಿಂತಳು. ಕುರಿ ಒದರಿದರೆ ಕಿವಿ ಪಟಪಟ ಬಡಿಯುವ ಸದ್ದು ಬರಬೇಕು. ಬರಲಿಲ್ಲ. ತಿರುಗಿ ನೋಡಿದರೆ ಟಗರು ಕಲ್ಲಿನಂತೆ ನಿಂತಿತ್ತು, ಹೊಟ್ಟೆಯಿಂದ ನೀರು ಇಳಿಯುತ್ತಿತ್ತು. ಅದು ಹೊನ್ನಯ್ಯನನ್ನು ನೋಡುತ್ತಿರಲಿಲ್ಲ. ಅದು ನೋಡುತ್ತಿದ್ದ ಕಡೆ ಹೆಂಗಸರ ನಡುವೆ ಕುಸುಮ, ಬಲಗೈಲಿ ಫೋನು ಎತ್ತಿ, ಎಡಗೈ ಮುಷ್ಟಿ ಕಟ್ಟಿ ನಿಂತಿದ್ದಳು.

ಎರಡನೆ ಚೊಂಬು ಬಿತ್ತು. ಟಗರು ಅಲುಗಲಿಲ್ಲ.

“ಪಟ ತಗ್ದಿದ್ದು ಸಾಕು, ಇಳ್ಸಮ್ಮಿ ಅದ್ನ,” ಅಂದಳು ಹೊಂಬಾಳಮ್ಮ.

“ನೆನಪ್ಗೆ ಒಂದಿರ್ಲಿ ದೊಡ್ಡತ್ತೆ,” ಅಂದಳು ಕುಸುಮ. ಕೈ ಇಳಿಸಲಿಲ್ಲ. ಇನ್ನೂ ನಾಲ್ಕೈದು ಜನ ಫೋನು ಹಿಡಿದೇ ಇದ್ದರು, ಯಾರಿಗೂ ಅನುಮಾನ ಬರಲಿಲ್ಲ.

ಮೂರನೆಯದೂ ಹಾಗೇ ಆಯಿತು. ಗುಡಿ ಮುಂದೆ ಗುಸುಗುಸು ಎದ್ದಿತು. ಹೊನ್ನಯ್ಯ ಬರೀ ಚೊಂಬು ಹಿಡಿದು ಚಿಕ್ಕಬೋರಮ್ಮನ ಎದುರಿಗೇ ಬಂದ. “ಏನ್ ತಿನ್ಸಿದ್ದೀಯ ಇದ್ಕೆ?”

ಒಂದು ಮಾತು ಸಾಕಿತ್ತು. ಆ ಮುಷ್ಟಿ ಬಿಚ್ಚಿಸಿ ನೋಡಿ ಅಂದರೆ ಮುಗಿಯಿತು, ತಾಯಿಗೆ ಮಾಡಿದ ಮೋಸ ತನ್ನ ತಲೆಗೆ ಬರುತ್ತಿರಲಿಲ್ಲ. ಜ್ವರದ ಕೂಸು ಕಣ್ಣ ಮುಂದೆ ಬಂತು. ಟಗರೂ ಕಣ್ಣ ಮುಂದೆಯೇ ಇತ್ತು.

“ನನ್ನ ಯಾಕೆ ಕೇಳೀರಿ ಬಾವ,” ಅಂದಳು. “ಗುಡಿ ಒಳಗಿರೋಳ ಕೇಳಿ.”

ಮುದ್ದಯ್ಯ ಚೊಂಬು ಇಸಿದುಕೊಂಡು, ಇದು ಆಗೋದಲ್ಲ ಅಂದುಬಿಟ್ಟ. ಹೊನ್ನಯ್ಯ ಟವಲು ಕೊಡವಿ ಹೆಗಲಿಗೆ ಹಾಕಿಕೊಂಡ.

“ಇವತ್ತಿಂದ ನಿಮ್ಮನೆ ನೀರು ನಮ್ಗಿಲ್ಲ ಕಣಮ್ಮ. ನೀನು ಸತ್ರೂ ಬರಕ್ಕಿಲ್ಲ.”

ಅರೆದ ಖಾರ ಅಲ್ಲೇ ಉಳಿಯಿತು. ಬೆಸಗರಹಳ್ಳಿಯವರು ಬಸ್ಸಿನ ಕಡೆ ನಡೆದರು. ತನ್ನ ಹೆಣಕ್ಕೆ ಹೆಗಲು ಕೊಡಬೇಕಾದ ಮನೆಯೊಂದು ಹಾಗೆ ಎದ್ದು ಹೋಗುವುದನ್ನು ಚಿಕ್ಕಬೋರಮ್ಮ ತಿರುವು ದಾಟುವ ತನಕ ನೋಡಿದಳು.

ಮನೆ ದಾರಿಯಲ್ಲಿ ಕುಸುಮ ಮುಷ್ಟಿ ಬಿಚ್ಚಿದಳು. ಬೆಲ್ಲ ಕರಗಿ ಅಂಗೈಯೆಲ್ಲ ಅಂಟಾಗಿತ್ತು. ಟಗರು ನಡೆಯುತ್ತಲೇ ನೆಕ್ಕಿತು.

“ಆ ಪಟ ಯಾರ್ಗೂ ಕಳಿಸ್ಬ್ಯಾಡ.”

“ತಗ್ದಿಲ್ಲ ಅತ್ತೆ.”

ಚಿಕ್ಕಬೋರಮ್ಮ ಟಗರಿನ ಒದ್ದೆ ಬೆನ್ನನ್ನು ಸೆರಗಿನಿಂದ ಒರೆಸಿದಳು. “ನಿನ್ನ ಮೆಚ್ಕಂಡೆ ಅನ್ಕಬ್ಯಾಡ.”

“ಅನ್ಕಂಡಿಲ್ಲ.”

ಮಾರನೆ ಬೆಳಗ್ಗೆ ಚಿಕ್ಕಬೋರಮ್ಮ ಎದ್ದು ಮಂಚದ ಕೆಳಗೆ ಬಗ್ಗಿ ಟಗರನ್ನು ಹೊರಗೆ ಹೊಡೆದಳು. ಬೆಸಗರಹಳ್ಳಿಯ ಕೂಸಿನ ಜ್ವರ ಹೇಗಿದೆ ಅಂತ ಕೇಳಲು ಇನ್ನು ದಾರಿಯಿರಲಿಲ್ಲ. ಬೆನ್ನ ಹಿಂದೆ ಬಾಗಿಲಲ್ಲಿ ಸೊಸೆ ಬಂದು ನಿಂತಂತಾಯಿತು. ಕೈಲಿ ಏನಿದೆ ಅಂತ ಚಿಕ್ಕಬೋರಮ್ಮ ತಿರುಗಿ ನೋಡಲಿಲ್ಲ, ಸೆರಗೂ ಸರಿಮಾಡಿಕೊಳ್ಳಲಿಲ್ಲ. ಸೀರೆ ಮೇಲಕ್ಕೆ ಸಿಕ್ಕಿಸಿ, ರಾತ್ರಿಯ ಹಿಕ್ಕೆ ಗುಡಿಸಿ ಮಂಕರಿಗೆ ತುಂಬಿದಳು. ತಿಪ್ಪೆಗೆ ಸುರಿದಳು. ಮಂಕರಿಯ ತಳ ಎರಡು ಸಲ ಬಡಿದು ಗೋಡೆಗೆ ಕವುಚಿ ಹಾಕಿ, ನೆಲಕ್ಕೆ ನೀರು ಚಿಮುಕಿಸತೊಡಗಿದಳು.