ಬಾಳೆಹಣ್ಣಿನ ಬಣ್ಣ

ಹಳದಿ ಅಂತ ಮೂರಕ್ಷರ ಬರೆದಿದ್ದರೆ ನನ್ನ ಗಂಟೇನು ಹೋಗುತ್ತಿತ್ತು? ಬರೆಯಲಿಲ್ಲ. ‘ಬಾಳೆಹಣ್ಣಿನ ಬಣ್ಣ’ ಅಂತ ಬರೆದೆ. ಕೊಬ್ಬು, ಇನ್ನೇನು! ಆ ಕೊಬ್ಬಿಗೆ ದಂಡ ತೆತ್ತವಳು ನಾನಲ್ಲ, ಕಮಲಾಪುರದ ರಮಾಬಾಯಿ.

ಕಲಬುರಗಿಯ ಗಾಜಿಪುರದಲ್ಲಿ ಒಂದು ಮಹಡಿಯ ಮೇಲೆ ನಮ್ಮ ಬ್ಯೂಟಿಷಿಯನ್ ತರಬೇತಿ ಕೇಂದ್ರ. ಆರು ತಿಂಗಳ ಉಚಿತ ಕೋರ್ಸು. ಮನೆಯಲ್ಲಿ ಕೂತು ಬೇಸರವಾಗಿ ನಾನು ಖೂಬಾ ಪ್ಲಾಟಿನಿಂದ ಆಟೋದಲ್ಲಿ ಹೋಗುತ್ತಿದ್ದೆ. ರಮಕ್ಕ ಬೆಳಿಗ್ಗೆ ಏಳರ ಬಸ್ಸು ಹಿಡಿದು, ಒಂದು ತಾಸು ನಿಂತುಕೊಂಡೇ ಬರುತ್ತಿದ್ದಳು. ಗಂಡನ ಮನೆ ಬಿಟ್ಟು ಹನ್ನೆರಡು ವರ್ಷವಾಗಿತ್ತು; ತಾಯಿ ಮಾನಮ್ಮನ ಜೊತೆ ಕಂಡವರ ಬಾಳೆತೋಟದಲ್ಲಿ ಕೂಲಿ. ವಯಸ್ಸು ಮೂವತ್ತೈದು, ಕೋರ್ಸಿನ ವಯೋಮಿತಿಯೂ ಅಷ್ಟೇ. ಐವಾನ್-ಎ-ಶಾಹಿ ಕಡೆಯ ಒಂದು ಪಾರ್ಲರಿನವರು ಸರ್ಟಿಫಿಕೇಟ್ ತಂದರೆ ಮರುದಿನದಿಂದಲೇ ಕೆಲಸ ಅಂದಿದ್ದರು. ಫೇಲಾದರೆ ಮುಂದಿನ ಬ್ಯಾಚಿಗೆ ಅವಳನ್ನು ಸೇರಿಸಿಕೊಳ್ಳುವುದಿಲ್ಲ. ಇದೊಂದೇ ಸಲ.

ಮೊದಲ ವಾರ ಯಾರೂ ಅವಳಿಂದ ಮುಖ ಮುಟ್ಟಿಸಿಕೊಳ್ಳಲಿಲ್ಲ. ಬಾಳೆಗೊನೆ ಕಡಿಯುವಾಗ ಸೋರುವ ಸೊನೆ ಹತ್ತಿ ಅವಳ ಅಂಗೈಯೆಲ್ಲ ಕಪ್ಪು ಕಲೆ. ಉಜ್ಜಿದರೆ ಹೋಗುವ ಕಲೆಯಲ್ಲ ಅದು. “ಹೊಲಸಲ್ಲರೀ, ಕಲಿ ಅದ” ಎಂದು ಒಬ್ಬೊಬ್ಬರಿಗೂ ಹೇಳಿ ಹೇಳಿ ಸಾಕಾದಳು. ತೋಟದ ಕೆಲಸವನ್ನೇ ಬಿಟ್ಟಳು. ಮಾನಮ್ಮ ಒಬ್ಬಳೇ ದುಡಿದಳು. ನಾಲ್ಕನೆಯ ತಿಂಗಳಿಗೆ ಒಂದು ದಿನ ನನ್ನ ಮುಂದೆ ಎರಡೂ ಕೈ ಚಾಚಿ, “ನೋಡ ಅಂಜು, ಹೆಂಗ ಆಗ್ಯಾವ ಕೈ!” ಎಂದು ನಕ್ಕಳು. ಅಂಗೈಗಳು ತಿಳಿಯಾಗಿದ್ದವು. ಅಷ್ಟು ಖುಷಿಯಾಗಿ ಅವಳನ್ನು ಮತ್ತೆ ನೋಡಲಿಲ್ಲ.

ನನ್ನ ಮೇಲೆ ಅವಳಿಗೆ ಅದ್ಯಾಕೋ ಜೀವ. ಪ್ರತಿ ಸೋಮವಾರ ಚೀಲದಲ್ಲಿ ನಾಲ್ಕು ಹಣ್ಣು ತರುತ್ತಿದ್ದಳು, ಕಮಲಾಪುರದ ಕೆಂಪು ಬಾಳೆ. ನಾನು ಮೆಟ್ಟಿಲ ಮೇಲೆ ಕೂತು ನಾಲ್ಕನ್ನೂ ತಿಂದು, “ಬಾಳೆಹಣ್ಣಂದ್ರ ಇದು ನೋಡಕ್ಕ, ಉಳದದ್ದೆಲ್ಲ ಬರೀ ಸಪ್ಪಗ” ಅನ್ನುತ್ತಿದ್ದೆ. ಇದನ್ನು ನಾನು ಮರೆತೆ. ಅವಳು ಮರೆಯಲಿಲ್ಲ.

ಕೊನೆಯ ಪರೀಕ್ಷೆಗೆ ಒಬ್ಬೊಬ್ಬರೂ ಒಂದು ಹೊಸ ಮೇಕಪ್ ವಿನ್ಯಾಸ ಮಾಡಿ, ಬಣ್ಣ ಹಚ್ಚಿದ ಚಿತ್ರ ಕೊಡಬೇಕಿತ್ತು. ಬಣ್ಣದ ಚಿತ್ರ ಪರೀಕ್ಷಕಿಯ ಕೈಯಲ್ಲಿ. ಅದರ ಕಪ್ಪು-ಬಿಳುಪು ಜೆರಾಕ್ಸ್ ಇನ್ನೊಬ್ಬ ವಿದ್ಯಾರ್ಥಿನಿಗೆ. ಅವಳು ಅದರ ಮೇಲೆ ಬರೆದ ಬಣ್ಣದ ಹೆಸರು ಓದಿ ಹಾಗೇ ಮಾಡಿ ತೋರಿಸಬೇಕು. “ಬರೀ ಹಳದಿ, ಬರೀ ನೀಲಿ ಅಂತ ಬರೀಬ್ಯಾಡ್ರಿ, ಓದಿದ್ರ ಬಣ್ಣ ಕಣ್ಣಿಗೆ ಕಟ್ಟಬೇಕು” ಎಂದಿದ್ದರು ಕಲಿಸುವ ಮಲ್ಲಿಕಾ ಮೇಡಂ. ನನ್ನ ವಿನ್ಯಾಸದ ಹೆಸರು ‘ಬಿಸಿಲು’. ಹುಬ್ಬಿನ ಕೆಳಗೆ ತಾಮ್ರದ ಬಣ್ಣ, ಕೆನ್ನೆ ಮೇಲೆ ಬೆವರ ಹನಿಯಂಥ ಬಿಳಿ ಚುಕ್ಕೆ, ರೆಪ್ಪೆಯಿಂದ ಕಪಾಳದವರೆಗೆ ಬಾಳೆಹಣ್ಣಿನ ಬಣ್ಣ.

ಚೀಟಿ ಎತ್ತಿದಾಗ ನನ್ನ ಹಾಳೆ ರಮಕ್ಕನಿಗೆ ಬಂತು. ಇಬ್ಬರೂ ಕುಣಿದಾಡಿಬಿಟ್ಟೆವು.

ಯಾರ ವಿನ್ಯಾಸವೋ ಅವರೇ ಮಾಡೆಲ್ ಆಗಿ ಕೂರಬೇಕು. ಹಾಗೆ ಕೂತವರು ಬಾಯಿ ಬಿಡುವ ಹಾಗಿಲ್ಲ. ಬಿಟ್ಟರೆ ಇಬ್ಬರಿಗೂ ಐದೈದು ಅಂಕ ಕಡಿತ. ನಾನು ಕಣ್ಣು ಮುಚ್ಚಿ ಕೂತೆ. ರಮಕ್ಕನ ಕೈ ಎಷ್ಟು ಹಗುರ! ರೆಪ್ಪೆಯ ಮೇಲೆ ಬ್ರಷ್ ಆಡಿದ್ದು ಗೊತ್ತೇ ಆಗಲಿಲ್ಲ. “ಕಣ್ಣ ತೆರಿ” ಎಂದಳು. ತೆರೆದೆ.

ಕನ್ನಡಿಯಲ್ಲಿ ನನ್ನ ರೆಪ್ಪೆಗಳು ಕೆಂಪಾಗಿದ್ದವು. ಅವಳು ತರುತ್ತಿದ್ದ ಹಣ್ಣಿನ ಸಿಪ್ಪೆಯದೇ ಆ ದಟ್ಟ ಕೆಂಪು.

ಇನ್ನೂ ಇಪ್ಪತ್ತು ನಿಮಿಷ ಇತ್ತು. ಒರೆಸಿ ಮತ್ತೆ ಹಚ್ಚಬಹುದಿತ್ತು. ಹಳದಿ ಅಕ್ಕ, ಹಳದಿ ಅಂದಿದ್ದರೆ ಮುಗಿಯುತ್ತಿತ್ತು. ಐದು ಅಂಕ ಹೋದರೂ ಅವಳು ಪಾಸು, ನಾನೂ ಪಾಸು. ಆದರೆ ನನಗೆ ಮೊದಲ ನಂಬರು ಬೇಕಿತ್ತಲ್ಲ! ಮತ್ತೆ ಕಣ್ಣು ಮುಚ್ಚಿಕೊಂಡೆ. ನನ್ನ ಬಾಯಿಗೆ ಮಣ್ಣು ಬೀಳಲಿ.

ಪರೀಕ್ಷಕಿ ನನ್ನ ಮುಖದ ಪಕ್ಕ ಬಣ್ಣದ ಚಿತ್ರ ಹಿಡಿದರು. “ಇದೇನಮ್ಮಾ, ಹಳದಿ ಇರೋ ಕಡೆ ಕೆಂಪು ಬಳಿದಿದ್ದೀಯ?”

“ಬಾಳೆಹಣ್ಣಿನ ಬಣ್ಣ ಅಂತ ಬರದಾರಲ್ರೀ ಮೇಡಂ.”

“ಬಾಳೆಹಣ್ಣು ಯಾವ ಬಣ್ಣ ಇರುತ್ತೆ?”

“ಕೆಂಪ್ರೀ” ಎಂದಳು ರಮಕ್ಕ.

ಇಡೀ ಕೋಣೆ ಗೊಳ್ಳೆಂದು ನಕ್ಕಿತು. ಪರೀಕ್ಷಕಿ ನನ್ನ ಕಡೆ ತಿರುಗಿ, “ನೀನು ಯಾವ ಬಣ್ಣ ಅಂತ ಬರೆದದ್ದು?” ಎಂದರು. ರಮಕ್ಕ ನನ್ನ ಮುಖವನ್ನೇ ನೋಡುತ್ತಿದ್ದಳು.

“ಹಳದಿ ರೀ” ಎಂದೆ.

ಬಣ್ಣ ತಪ್ಪಿದರೆ ಅರ್ಧದಷ್ಟು ಅಂಕ ಹೋಗುತ್ತದೆ. ಮೂರು ಅಂಕದಲ್ಲಿ ಫೇಲಾದಳು. ಮಲ್ಲಿಕಾ ಮೇಡಂ ಅರ್ಜಿ ಬರೆದು ನೋಡಿದರು. ವಯಸ್ಸು ಮೀರಿದೆ ಅಂತ ಎರಡು ಸಾಲಿನ ಉತ್ತರ ಬಂತು. ಪಾರ್ಲರಿನವರು ಬೇರೆಯವರನ್ನು ತಗೊಂಡರು. ನನಗೆ ಮೊದಲ ನಂಬರು ಬಂತು. ಆ ಸರ್ಟಿಫಿಕೇಟ್ ಈಗಲೂ ಅಲಮಾರಿಯಲ್ಲಿದೆ. ಅದನ್ನಿಟ್ಟುಕೊಂಡು ನಾನು ಒಂದು ದಿನವೂ ಕೆಲಸಕ್ಕೆ ಹೋಗಿಲ್ಲ.

ಎಂಟು ತಿಂಗಳು ಮುಖ ತಪ್ಪಿಸಿಕೊಂಡಿದ್ದು, ಕೊನೆಗೆ ಕಮಲಾಪುರಕ್ಕೆ ಹೋದೆ. ಬಸ್‌ಸ್ಟ್ಯಾಂಡಿನ ಹೊರಗೆ ಕೆಂಪು ಬಾಳೆಯ ಬುಟ್ಟಿ ಇಟ್ಟುಕೊಂಡು ಕೂತಿದ್ದಳು. ನನ್ನನ್ನು ಕಂಡು, “ಬಾ ಅಂಜು, ಕೂಡು” ಎಂದು ಗೋಣಿಚೀಲ ಸರಿಸಿದಳು. ಕೈ ಮತ್ತೆ ಕಪ್ಪಾಗಿದ್ದವು. ನಾನು ನೋಡಿದ್ದು ಗೊತ್ತಾಗಿ ಸೆರಗಿನೊಳಗೆ ಎಳೆದುಕೊಂಡಳು.

“ಅಕ್ಕ, ಅವತ್ತು ಕನ್ನಡಿಯೊಳಗ ಕೆಂಪು ನೋಡಿದ್ದೆ. ಟೈಮ್ ಇತ್ತು. ಹೇಳಲಿಲ್ಲ” ಎಂದೆ. ಅಳು ಬಂತು.

ಅವಳು ಬುಟ್ಟಿಯ ಮೇಲೆ ಕೂತ ನೊಣ ಓಡಿಸಿದಳು.

“ಕಣ್ಣ ತೆರದು ಮತ್ತ ಮುಚ್ಚಿದಿ. ಕಂಡಿತ್ತು ನನಗ” ಎಂದಳು. “ಚಂದ ಆಗ್ಯಾದ ಅಂತ ಮುಚ್ಚಿದಿ ಅಂದ್ಕೊಂಡಿದ್ದೆ. ಇಷ್ಟ ದಿನ ಅದೊಂದಾದ್ರೂ ಸಮಾಧಾನ ಇತ್ತು.”

ಆಮೇಲೆ ನಾಲ್ಕು ಹಣ್ಣು ಆರಿಸಿ ನನ್ನ ಚೀಲಕ್ಕೆ ಹಾಕಿದಳು. “ಕಲಬುರಗಿ ಬಸ್ ನಿಂತದ, ಹೋಗು” ಎಂದಳು.